ಖಿನ್ನತೆಗೆ ಮಾತ್ರೆ ತಗೊಳ್ಳುವ ಬಾಣಂತಿಯ ಕೂಸಿನ ಇಸಿಜಿ: ನನ್ನ ಅನುಭವ

ಮೊದಲು ಮಾತ್ರೆ ಯಾವುದೆಂದು ಗೊತ್ತಾಗಬೇಕು. ತಾಯಿ ಕಾರ್ಡಿನಲ್ಲಿ ಕಬ್ಬಿಣದ ಮಾತ್ರೆ ಇರುತ್ತದೆ, ಮನೋವೈದ್ಯರು ಬರೆದದ್ದು ಇರುವುದು ಕಡಿಮೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಹೆರಿಗೆಗೆ ಬಂದವರು ಅತ್ತೆಯ ಎದುರು 'ನಿದ್ದೆ ಮಾತ್ರೆ' ಎಂದುಬಿಡುತ್ತಾರೆ. ಒಬ್ಬರೇ ಇದ್ದಾಗ ಕೇಳಿ, ಸ್ಟ್ರಿಪ್ ತರಿಸಿ ನೋಡುತ್ತೇನೆ. ಸರ್ಟ್ರಲಿನ್ ಆದರೆ ಆತಂಕ ಕಡಿಮೆ. ಸಿಟಲೊಪ್ರಾಮ್, ಎಸ್ಸಿಟಲೊಪ್ರಾಮ್ ಆದರೆ ಕೂಸಿನ ಇಸಿಜಿಯಲ್ಲಿ ಕ್ಯೂಟಿ ಅಂತರ (ಹೃದಯದ ಕೆಳಕೋಣೆಗಳು ಒಮ್ಮೆ ಬಡಿದು ಮುಂದಿನ ಬಡಿತಕ್ಕೆ ಅಣಿಯಾಗಲು ಹಿಡಿಯುವ ಹೊತ್ತು; ಅತಿ ಉದ್ದವಾದರೆ ಬಡಿತ ಅಪಾಯಕರವಾಗಿ ಹದಗೆಡಬಹುದು) ಉದ್ದವಾಗಿದೆಯೇ ಎಂದು ನೋಡಲೇಬೇಕು. ಫ್ಲುವೊಕ್ಸೆಟಿನ್ ಮೈಯಿಂದ ಹೋಗಲು ವಾರಗಳು ಹಿಡಿಯುತ್ತವೆ.

ಇಂಥ ಎಲ್ಲ ಕೂಸಿಗೂ ಇಸಿಜಿ ಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ನಾನು ಮಾಡಿಸುತ್ತೇನೆ. ಮೊದಲ ಎರಡು ದಿನ ಕ್ಯೂಟಿ ಸಹಜವಾಗಿಯೇ ತುಸು ಉದ್ದವಿರುವುದರಿಂದ ಮೂರನೇ ದಿನ ಸರಿಯಾದ ಹೊತ್ತು. ಹಾಲು ಕುಡಿದು ಮಲಗಿದ ಕೂಸನ್ನು ವಾರ್ಮರ್ ಕೆಳಗಿಡಿ; ಮಳೆಗಾಲದ ಥಂಡಿಗೆ ಮೈ ತೆರೆದರೆ ಅತ್ತು ಗೆರೆಯೆಲ್ಲ ಕೆಡುತ್ತದೆ. ಎಣ್ಣೆ ಹಚ್ಚಿದ ಮೈಗೆ ಎಲೆಕ್ಟ್ರೋಡ್ ಅಂಟುವುದಿಲ್ಲ, ಒರೆಸಿ. ಎದೆಯ ಮೇಲಿನ ಜೆಲ್ ಒಂದಕ್ಕೊಂದು ತಾಗಿದರೆ ಎದೆಯ ಲೀಡ್‌ಗಳೆಲ್ಲ (ಬೇರೆ ಬೇರೆ ಕೋನದಿಂದ ಬರೆದ ಗೆರೆಗಳು) ಒಂದೇ ತೆರನಾಗಿ ಕಾಣುತ್ತವೆ.

ಯಂತ್ರ ಮುದ್ರಿಸಿದ ಅಂಕಿಯನ್ನು ನಾನು ನಂಬುವುದಿಲ್ಲ. ಬಡಿತ ಜೋರಿದ್ದಾಗ ಟಿ ಅಲೆ (ಬಡಿತದ ಕೊನೆಯ ಉಬ್ಬು) ಮುಂದಿನ ಬಡಿತದ ಪಿ ಅಲೆಗೆ (ಮೊದಲ ಉಬ್ಬು) ಸೇರಿಕೊಂಡು ಅದು ತಪ್ಪುತ್ತದೆ. ಲೀಡ್ ಎರಡರಲ್ಲಿ, ವಿ5ರಲ್ಲಿ ನಾಲ್ಕೈದು ಬಡಿತ ಅಳೆದು ಸರಾಸರಿ ತೆಗೆಯಬೇಕು. ಟಿ ಅಲೆಯ ಇಳಿಜಾರಿಗೆ ಗೆರೆ ಎಳೆದು ಅದು ತಳರೇಖೆಗೆ ತಾಗುವಲ್ಲಿ ಕ್ಯೂಟಿ ಮುಗಿಯಿತು ಎನ್ನಬೇಕು. ಬ್ಯಾಜೆಟ್ (Bazett) ಸೂತ್ರದಲ್ಲಿ ಕ್ಯೂಟಿಯನ್ನು ಆರ್‌ಆರ್ ಅಂತರದ (ಎರಡು ಬಡಿತಗಳ ನಡುವಿನ ಹೊತ್ತು, ಸೆಕೆಂಡಿನಲ್ಲಿ) ವರ್ಗಮೂಲದಿಂದ ಭಾಗಿಸುತ್ತೇವೆ; ಬರುವುದು ಕ್ಯೂಟಿಸಿ, ಅಂದರೆ ಬಡಿತದ ವೇಗಕ್ಕೆ ಹೊಂದಿಸಿದ ಕ್ಯೂಟಿ. ನಿಮಿಷಕ್ಕೆ 140 ಬಡಿತವಿದ್ದು ಕ್ಯೂಟಿ 7 ಸಣ್ಣ ಚೌಕ, ಅಂದರೆ 280 ಮಿಲಿಸೆಕೆಂಡ್ ಇದ್ದರೆ ಕ್ಯೂಟಿಸಿ 428. ಒಂದೇ ಚೌಕ ಹೆಚ್ಚು ಎಣಿಸಿದರೆ 489! ಸಹಜವಾದದ್ದು ಅಪಾಯವಾಗಿಬಿಡುತ್ತದೆ. ಅದಕ್ಕೇ ಕಾಗದದ ವೇಗ 25ರ ಬದಲು ಸೆಕೆಂಡಿಗೆ 50 ಮಿಲಿಮೀಟರ್‌ಗೆ ಇಡುತ್ತೇನೆ. ಆಗ ಚೌಕಕ್ಕೆ 20 ಮಿಲಿಸೆಕೆಂಡ್ ಅಷ್ಟೆ.

ಕ್ಯೂಟಿಸಿ 440ರ ಒಳಗಿದ್ದರೆ ಸರಿ. 440ರಿಂದ 470 ಇದ್ದರೆ ಮತ್ತೆ ತೆಗೆಯಬೇಕು. 470 ದಾಟಿದರೆ ಮಾತ್ರೆಯನ್ನು ದೂರುವ ಮುನ್ನ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ. ಕ್ಯಾಲ್ಸಿಯಂ ಇಳಿದರೂ ಇದೇ ಚಿತ್ರ ಬರುತ್ತದೆ. ಮನೆತನದ ದೋಷವಿದ್ದೀತು, ಅಪ್ಪ-ಅಮ್ಮನ ಇಸಿಜಿಯೂ ಬೇಕು. 500 ಮೀರಿದರೆ ಮಾನಿಟರ್, ಮಕ್ಕಳ ಹೃದ್ರೋಗ ತಜ್ಞರು.

ಮಾತ್ರೆಯಿಂದಾದದ್ದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಬಾಣಂತಿಯ ಮಾತ್ರೆಯನ್ನು ಮಾತ್ರ ಥಟ್ಟನೆ ನಿಲ್ಲಿಸಬಾರದು. ಖಿನ್ನತೆ ಮರುಕಳಿಸಲು ಬಾಣಂತನಕ್ಕಿಂತ ಕೆಟ್ಟ ಕಾಲವಿಲ್ಲ. ತವರಿಗೆ ಹೋದವರು ಮರುಪರೀಕ್ಷೆಗೆಂದೇ ಘಾಟಿ ದಾರಿ ಹಿಡಿದು ಬರುವುದು ಕಷ್ಟ, ಹಾಗಾಗಿ ಅಂಚಿನಲ್ಲಿದ್ದವರಿಗೆ ಒಂದೂವರೆ ತಿಂಗಳ ಲಸಿಕೆಯ ದಿನವೇ ಇನ್ನೊಂದು ಇಸಿಜಿ. ಅಲ್ಲಿಯವರೆಗೆ ಕೂಸಿಗೆ ಕ್ಯೂಟಿ ಉದ್ದ ಮಾಡಬಲ್ಲ ಡಾಂಪೆರಿಡೋನ್, ಅಜಿಥ್ರೋಮೈಸಿನ್, ಫ್ಲುಕೊನಜೋಲ್ ಬೇಡವೆಂದು ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪಗೆ ಬರೆದು ಕೊಡುತ್ತೇನೆ.