ಮಗುವಿನ ಕೈಗೊಂದು ಕಿರ್ದಿ ಪುಸ್ತಕ

ಅಡಿಕೆ ಮಾರುವ ಮಂಡಿಯಿಂದ ಬಂದ ಲೆಕ್ಕದ ಪಟ್ಟಿಯನ್ನು ಹಿರಿಯರು ಲೆಕ್ಕದ ಪುಸ್ತಕಕ್ಕೆ ಇಳಿಸುವುದನ್ನು ಮಲೆನಾಡಿನ ಅಡಿಕೆ ಬೆಳೆಗಾರರ ಮಕ್ಕಳು ನೋಡಿಯೇ ಬೆಳೆಯುತ್ತಾರೆ. ಆದರೆ ಉದುರಡಿಕೆ ಹೆಕ್ಕಿದ್ದಕ್ಕೋ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆಂದು ಅಜ್ಜ ಕೊಟ್ಟಿದ್ದೋ, ಅವರ ಕೈಸೇರುವ ಹತ್ತಿಪ್ಪತ್ತು ರೂಪಾಯಿಗೆ ಲೆಕ್ಕವೇ ಇರುವುದಿಲ್ಲ. ಕೂಡಿ ಕಳೆಯಲು ಬಲ್ಲ ಏಳೆಂಟು ವರ್ಷದ ಮಗುವಿಗೆ ಕಿರ್ದಿ, ಅಂದರೆ ದಿನದಿನದ ಜಮಾ–ಖರ್ಚಿನ ಪುಸ್ತಕ, ಬರೆಯುವುದನ್ನು ಧಾರಾಳವಾಗಿ ಕಲಿಸಬಹುದು.

ಮೊದಲು ಮುಚ್ಚಳವಿರುವ ಒಂದು ಡಬ್ಬಿ ಕೊಡಿ. ಒಡೆದರಷ್ಟೇ ಹಣ ಸಿಗುವ ಮಣ್ಣಿನ ಹುಂಡಿ ಉಳಿತಾಯಕ್ಕೆ ಒಳ್ಳೆಯದಾದರೂ ಲೆಕ್ಕ ಕಲಿಯಲು ಒದಗುವುದಿಲ್ಲ, ಏಕೆಂದರೆ ಒಳಗಿರುವುದನ್ನು ಬೇಕೆಂದಾಗ ಎಣಿಸಲಾಗುವುದಿಲ್ಲ. ನಂತರ ನೋಟ್‌ಬುಕ್ಕಿನಲ್ಲಿ ತಾರೀಖು, ವಿವರ, ಜಮಾ, ಖರ್ಚು, ಶಿಲ್ಕು (ಕೈಯಲ್ಲಿ ಉಳಿದ ಹಣ) ಎಂಬ ಐದು ಕಾಲಂಗಳನ್ನು ಮಗುವಿನಿಂದಲೇ ಗೆರೆ ಎಳೆಸಿ ಮಾಡಿಸಿ. ಡಬ್ಬಿಯಲ್ಲಿ 40 ರೂಪಾಯಿ ಇದ್ದರೆ ಅದು ಆರಂಭದ ಶಿಲ್ಕು; ಅಡಿಕೆ ಹೆಕ್ಕಿ 20 ಬಂದರೆ ಶಿಲ್ಕು 60, ಪೆನ್ಸಿಲ್ಲು–ರಬ್ಬರಿಗೆ 15 ಹೋದರೆ 45. ಅಂದಿನದನ್ನು ಅಂದೇ ಬರೆಯಬೇಕು.

ನಿಜವಾದ ಕಲಿಕೆ ಇರುವುದು ವಾರಕ್ಕೊಮ್ಮೆ ತಾಳೆ ನೋಡುವುದರಲ್ಲಿ. ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಮಗಳು ಜಗಲಿಯಲ್ಲಿ ಚಾಪೆ ಹಾಸಿ, ನಾಣ್ಯಗಳನ್ನು ಬೇರೆಬೇರೆ ಗುಡ್ಡೆ ಮಾಡಿ ಎಣಿಸುತ್ತಾಳೆ. ಒಮ್ಮೆ ಪುಸ್ತಕದಲ್ಲಿ 45 ಇತ್ತು, ಚಾಪೆಯ ಮೇಲೆ 40. ಎರಡು ಸಲ ಎಣಿಸಿ, ಬೆರಳನ್ನು ಸಾಲುಗಳ ಮೇಲೆ ಆಡಿಸುತ್ತ ಕುಳಿತವಳು ಕೊನೆಗೆ, "ಅಮ್ಮಾ, ಗುರುವಾರದ ಚಿಕ್ಕಿ!" ಎಂದು ತಾನೇ ಖರ್ಚಿನಲ್ಲಿ 5 ಬರೆದಳು. ಇಂಥ ಹೊತ್ತಿನಲ್ಲಿ ಕೊರತೆಯನ್ನು ನಾವು ತುಂಬಿಕೊಡಬಾರದು, ಬೈಯಲಂತೂ ಬಾರದು. ಬೈಸಿಕೊಂಡ ಮಗು ಮುಂದಿನ ವಾರ ಹಣಕ್ಕೆ ಸರಿಯಾಗಿ ಲೆಕ್ಕವನ್ನೇ ಹೊಂದಿಸಿ ಬರೆಯುತ್ತದೆ. ಎಷ್ಟು ಯೋಚಿಸಿದರೂ ನೆನಪಾಗದಿದ್ದರೆ "ನೆನಪಿಲ್ಲದ ಖರ್ಚು" ಎಂದೇ ಬರೆಸಿ ಮುಂದುವರಿಯಿರಿ.

ಈಗ ಅಂಗಡಿಯಲ್ಲಿ ನಾವು ಫೋನಿನಿಂದ ಹಣ ಕೊಡುವುದರಿಂದ ಹಣ ಖರ್ಚಾದದ್ದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಮಗುವಿನ ಪಾಲಿನ ವಸ್ತುವಿಗೆ ನೀವು ಫೋನಿನಲ್ಲಿ ಕೊಟ್ಟಿದ್ದರೆ, ಮನೆಗೆ ಬಂದೊಡನೆ ಅಷ್ಟನ್ನು ಡಬ್ಬಿಯಿಂದ ಎಣಿಸಿ ಪಡೆಯಿರಿ.

ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ, ತನ್ನ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ನಿರ್ವಹಿಸಬಹುದು. ಅಲ್ಲಿಗೆ ಕಟ್ಟಿದ ಹಣವನ್ನು ಕಿರ್ದಿಯ ಖರ್ಚಿನ ಕಾಲಂನಲ್ಲಿ "ಅಂಚೆ ಖಾತೆಗೆ" ಎಂದು ಬರೆಸಿ, ಪಾಸ್‌ಬುಕ್ಕಿನ ಜಮಾ ಸಾಲನ್ನು ಅದರ ಪಕ್ಕದಲ್ಲಿಟ್ಟು ತೋರಿಸಿ.