ಯಾವ ಬಿಯರ್ ವೀಗನ್, ಯಾವ ಸೈಡರ್ ಅಲ್ಲ: ಪತ್ತೆ ಹಚ್ಚುವ ಬಗೆ

ಬಿಯರ್ ಅಂದರೆ ಬಾರ್ಲಿ ಮಾಲ್ಟ್, ಹಾಪ್ಸ್, ಯೀಸ್ಟ್, ನೀರು. ಸೈಡರ್ ಅಂದರೆ ಸೇಬಿನ ರಸ ಮತ್ತು ಯೀಸ್ಟ್. ಯೀಸ್ಟ್ ಒಂದು ಶಿಲೀಂಧ್ರ. ಅಲ್ಲಿಗೆ ಪ್ರಾಣಿಮೂಲದ್ದು ಯಾವುದೂ ಇಲ್ಲ ಅನ್ನಿಸುತ್ತದೆ. ಆದರೂ ಕಪಾಟಿನಲ್ಲಿರುವ ಎಲ್ಲ ಬಾಟಲಿಗಳೂ ವೀಗನ್ (ಪ್ರಾಣಿಮೂಲದ ಏನನ್ನೂ ಬಳಸದ್ದು) ಅಲ್ಲ. ತೊಡಕು ಬರುವುದು ಎರಡು ಕಡೆಯಿಂದ. ಒಂದು, ರುಚಿಗೋ ಬಣ್ಣಕ್ಕೋ ಸೇರಿಸಿದ ವಸ್ತು. ಇದನ್ನು ಲೇಬಲ್ ಓದಿ ಬಹುಮಟ್ಟಿಗೆ ಹಿಡಿಯಬಹುದು. ಇನ್ನೊಂದು, ಪಾನೀಯವನ್ನು ತಿಳಿಗೊಳಿಸಲು ಬಳಸಿದ ವಸ್ತು. ಇದು ಸಾಮಾನ್ಯವಾಗಿ ಲೇಬಲ್ ಮೇಲೆ ಬರುವುದೇ ಇಲ್ಲ. ಕೇಳಿ ತಿಳಿಯಬೇಕು, ಅದೂ ಸರಿಯಾದ ಪ್ರಶ್ನೆ ಕೇಳಬೇಕು. ಬ್ರ್ಯಾಂಡ್ ಹೆಸರು ನೆನಪಿಟ್ಟುಕೊಂಡರೆ ಸಾಲದು. ಅದೇ ಬಿಯರ್ ಬಾಟಲಿಯಲ್ಲಿ ವೀಗನ್ ಆಗಿದ್ದು ಪೀಪಾಯಿಯಲ್ಲಿ ಆಗದಿರಬಹುದು.

ತಿಳಿಗೊಳಿಸುವಾಗ ಏನಾಗುತ್ತದೆ

ಹುದುಗುವಿಕೆ ಮುಗಿದ ಮೇಲೆ ಬಿಯರ್‌ನಲ್ಲಿ ಯೀಸ್ಟ್ ಕಣಗಳು ತೇಲುತ್ತಾ ಇರುತ್ತವೆ. ತಣ್ಣಗೆ ಬಿಟ್ಟರೆ ತಾವಾಗಿಯೇ ತಳಕ್ಕಿಳಿಯುತ್ತವೆ, ಆದರೆ ಅದಕ್ಕೆ ವಾರಗಳೇ ಬೇಕಾಗಬಹುದು. ಈ ಕಾಯುವಿಕೆಯನ್ನು ಒಂದೆರಡು ದಿನಕ್ಕೆ ಇಳಿಸುವುದು ಐಸಿಂಗ್ಲಾಸ್. ಮೀನಿನ ಗಾಳಿಚೀಲವನ್ನು ಒಣಗಿಸಿ, ಸೌಮ್ಯ ಆಮ್ಲದಲ್ಲಿ ನೆನೆಸಿ ಮಾಡಿದ ಕೊಲಾಜನ್ ಎಂಬ ಪ್ರೋಟೀನಿನ ದ್ರಾವಣ ಇದು. ಕೊಲಾಜನ್ ಧನ ಆವೇಶದ್ದು, ಯೀಸ್ಟ್ ಋಣ ಆವೇಶದ್ದು. ಎರಡೂ ಅಂಟಿಕೊಂಡು ಭಾರವಾಗಿ ಕೆಳಗೆ ಕೂರುತ್ತವೆ. ಬ್ರಿಟನ್ನಿನ ಸಾಂಪ್ರದಾಯಿಕ ಪೀಪಾಯಿ ಏಲ್‌ಗಳಲ್ಲಿ (ಏಲ್ ಬಿಯರ್‌ನ ಒಂದು ಬಗೆ) ಇಂದಿಗೂ ಇದರ ಬಳಕೆ ವ್ಯಾಪಕ. ಅಲ್ಲಿ ಬಿಯರ್ ಸೋಸದೆ, ಜೀವಂತ ಯೀಸ್ಟ್ ಸಮೇತ ಪಬ್‌ಗೆ ಹೋಗುತ್ತದೆ, ನೆಲಮಾಳಿಗೆಯಲ್ಲೇ ತಿಳಿಯಾಗಬೇಕು.

‘ಅದೆಲ್ಲ ತಳದಲ್ಲೇ ಉಳಿಯುತ್ತದೆ, ಲೋಟಕ್ಕೆ ಬರುವುದಿಲ್ಲ’ ಎಂಬ ಸಮಜಾಯಿಷಿ ಕೇಳಿಬರುತ್ತದೆ. ಬಹುಪಾಲು ತಳದಲ್ಲಿ ಉಳಿಯುವುದು ನಿಜ. ಆದರೆ ವೀಗನ್ ಆದವರು ಕೇಳುತ್ತಿರುವುದು ಲೋಟದಲ್ಲಿ ಎಷ್ಟು ಉಳಿದಿದೆ ಎಂದಲ್ಲ, ಮೀನನ್ನು ಬಳಸಿದ್ದಾರೆಯೇ ಎಂದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಹುಡುಕಾಟ ಸುಲಭ.

ಗಮನಿಸಬೇಕಾದ ಬೇರೆ ಪ್ರಾಣಿಮೂಲ ತಿಳಿಕಾರಕಗಳು ನಾಲ್ಕು. ದನ ಅಥವಾ ಹಂದಿಯ ಚರ್ಮ-ಮೂಳೆಯ ಜೆಲಟಿನ್, ಇದು ಸೈಡರ್‌ನಲ್ಲಿ ಹೆಚ್ಚು. ಹಾಲಿನ ಕೇಸೀನ್ ಮತ್ತು ಮೊಟ್ಟೆಯ ಬಿಳಿ, ಇವೆರಡೂ ಮುಖ್ಯವಾಗಿ ವೈನ್‌ನಲ್ಲಿ, ಕೆಲವೊಮ್ಮೆ ಸೈಡರ್‌ನಲ್ಲೂ. ಕೊನೆಯದು ಸಿಗಡಿ-ಏಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್. ಕೈಟೋಸಾನನ್ನು ಶಿಲೀಂಧ್ರದಿಂದಲೂ ತೆಗೆಯುತ್ತಾರೆ, ಅದು ವೀಗನ್; ಹಾಗಾಗಿ ಆ ಹೆಸರು ಕಂಡರೆ ಮೂಲ ಯಾವುದೆಂದು ಕೇಳಲೇಬೇಕು.

ಪ್ರಾಣಿಯ ಸಂಬಂಧವೇ ಇಲ್ಲದ ದಾರಿಗಳು ಬೇಕಾದಷ್ಟಿವೆ: ಬೆಂಟೋನೈಟ್ ಜೇಡಿಮಣ್ಣು, ಸಿಲಿಕಾ ಜೆಲ್, ಪಿವಿಪಿಪಿ ಎಂಬ ಪಾಲಿಮರ್, ಬಟಾಣಿ ಪ್ರೋಟೀನ್, ಸೆಂಟ್ರಿಫ್ಯೂಜ್, ಫಿಲ್ಟರ್, ಬರೀ ತಂಪು ಮತ್ತು ಸಮಯ. ಫಿಲ್ಟರ್‌ಗೆ ಬಳಸುವ ಡಯಾಟಮ್ ಮಣ್ಣು ಪುರಾತನ ಪಾಚಿಗಳ ಅವಶೇಷ, ಅದಕ್ಕೆ ಅಂಜಬೇಕಿಲ್ಲ.

ಇಲ್ಲೊಂದು ಕಡೆ ಅನುಭವಿಗಳೂ ಎಡವುತ್ತಾರೆ. ‘ನಾವು ಐರಿಷ್ ಮಾಸ್ ಬಳಸುತ್ತೇವೆ’ ಎಂದು ಬ್ರೂವರಿಯವರು ಹೇಳಿದರೆ ಅದು ಪೂರ್ತಿ ಉತ್ತರವಲ್ಲ. ಐರಿಷ್ ಮಾಸ್ ಕಡಲ ಪಾಚಿ, ಅದನ್ನು ಹಾಕುವುದು ಕುದಿಯುವ ಹಂಡೆಗೆ, ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ, ಪ್ರೋಟೀನ್ ಕೂರಿಸಲು. ಯೀಸ್ಟ್ ಕೂರಿಸುವುದು ಅದಾಗಿ ದಿನಗಳ ನಂತರದ ಬೇರೆಯೇ ಕೆಲಸ. ಹಂಡೆಯಲ್ಲಿ ಪಾಚಿ, ಪೀಪಾಯಿಯಲ್ಲಿ ಮೀನು, ಎರಡೂ ಒಂದೇ ಬಿಯರ್‌ನಲ್ಲಿ ಇರಬಹುದು.

ಲೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೊದಲು ವೀಗನ್ ಗುರುತು ಹುಡುಕಿ. ವೀಗನ್ ಸೊಸೈಟಿಯ ಸೂರ್ಯಕಾಂತಿ ಗುರುತಾಗಲಿ, ವಿ-ಲೇಬಲ್‌ನ ‘ವೀಗನ್’ ಎಂದು ಬರೆದಿರುವ ಮಾದರಿಯಾಗಲಿ ಇದ್ದರೆ ತಿಳಿಕಾರಕಗಳನ್ನೂ ಪರಿಶೀಲಿಸಿದ್ದಾರೆ ಎಂದರ್ಥ. ವಿ-ಲೇಬಲ್‌ನಲ್ಲಿ ‘ವೆಜಿಟೇರಿಯನ್’ ಮಾದರಿಯೂ ಇದೆ, ಕೆಳಗಿನ ಪದ ಓದದೆ ಬುಟ್ಟಿಗೆ ಹಾಕಬೇಡಿ. ಸಸ್ಯಾಹಾರಿ ಎಂದಿದ್ದರೆ ಮೀನು, ಜೆಲಟಿನ್ ಇಲ್ಲ ಎಂದಷ್ಟೇ ತಿಳಿಯುತ್ತದೆ. ಹಾಲು, ಜೇನು, ಮೊಟ್ಟೆ ಇರಬಹುದು.

ಗುರುತು ಇಲ್ಲದಿದ್ದರೆ ಪದಾರ್ಥಗಳ ಪಟ್ಟಿ ನೋಡೋಣ ಅಂದರೆ ಅದೇ ಇರುವುದಿಲ್ಲ. ಐರೋಪ್ಯ ಒಕ್ಕೂಟದ 1169/2011 ನಿಯಮದಲ್ಲಿ ಶೇ. 1.2ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಬಿಯರ್, ಸೈಡರ್‌ನಂಥ ಪಾನೀಯಗಳಿಗೆ ಪದಾರ್ಥ ಪಟ್ಟಿಯಿಂದ ವಿನಾಯಿತಿ ಇದೆ. ಅಲರ್ಜಿ ತರುವ ವಸ್ತುಗಳನ್ನು ಮಾತ್ರ ಹೇಳಲೇಬೇಕು. ಹಾಗಾಗಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹಾಕಿದ್ದರೆ ‘ಹಾಲು’ ಎಂದು ಬರುತ್ತದೆ. ಮೀನೂ ಅಲರ್ಜಿಪಟ್ಟಿಯಲ್ಲಿದೆ, ಆದರೆ ಬಿಯರ್ ಮತ್ತು ವೈನನ್ನು ತಿಳಿಗೊಳಿಸಲು ಬಳಸಿದ ಐಸಿಂಗ್ಲಾಸನ್ನು ಆ ಪಟ್ಟಿಯಿಂದಲೇ ಹೊರಗಿಟ್ಟಿದ್ದಾರೆ. ‘ಮೀನು ಎಂದು ಬರೆದಿಲ್ಲ, ಹಾಗಾದರೆ ಇಲ್ಲ’ ಎಂಬ ಲೆಕ್ಕ ತಪ್ಪುವುದು ಇಲ್ಲೇ. ಜೇನು ಆ ಪಟ್ಟಿಯಲ್ಲೇ ಇಲ್ಲ. ಕೀಟದಿಂದ ತೆಗೆದ ಕಾರ್ಮೈನ್ ಬಣ್ಣವೂ ಇಲ್ಲ. ಅಮೆರಿಕದಲ್ಲಿ ಕಾರ್ಮೈನ್ ಹಾಕಿದ್ದರೆ ಲೇಬಲ್ ಮೇಲೆ ಹೆಸರಿಸಬೇಕು. ಅಲ್ಲಿ ಶೇ. 7ಕ್ಕಿಂತ ಕಡಿಮೆ ಆಲ್ಕೋಹಾಲ್ ಇರುವ ಸೈಡರ್‌ಗಳು ಆಹಾರದ ಲೇಬಲ್ ನಿಯಮಕ್ಕೆ ಒಳಪಡುವುದರಿಂದ ಪದಾರ್ಥ ಪಟ್ಟಿ ಸಿಗುತ್ತದೆ. ಎಲ್ಲೇ ಆಗಲಿ, ಪಟ್ಟಿ ಇದ್ದರೂ ತಿಳಿಕಾರಕ ಅದರಲ್ಲಿ ಬರುತ್ತದೆಂದು ನಂಬಬೇಡಿ. ಕಾನೂನಿನ ಕಣ್ಣಿಗೆ ಅದು ಪದಾರ್ಥವಲ್ಲ, ತಯಾರಿಕೆಯ ಸಾಧನ.

‘ಹಾಲಿನ ಅಂಶ ಇರಬಹುದು’ ಎಂಬ ಎಚ್ಚರಿಕೆ ಬೇರೆ, ‘ಹಾಲು ಇದೆ’ ಎಂಬುದು ಬೇರೆ. ಮೊದಲನೆಯದು ಅದೇ ಕಾರ್ಖಾನೆಯಲ್ಲಿ ಹಾಲಿನ ವಸ್ತುವಿದೆ ಎಂದು ಅಲರ್ಜಿ ಇರುವವರಿಗೆ ಹೇಳುವ ಮಾತು. ಅಷ್ಟರಿಂದಲೇ ಪಾನೀಯ ವೀಗನ್ ಅಲ್ಲ ಎಂದಾಗುವುದಿಲ್ಲ.

ಹೆಸರು ನೋಡಿ ಊಹಿಸುವಾಗ

ಮಿಲ್ಕ್ ಸ್ಟೌಟ್‌ನಲ್ಲಿ (ಸ್ಟೌಟ್ ಅಂದರೆ ಕಪ್ಪು ಬಣ್ಣದ ಬಿಯರ್) ಲ್ಯಾಕ್ಟೋಸ್ ಇರುತ್ತದೆ. ಬಿಯರ್ ಯೀಸ್ಟ್ ಲ್ಯಾಕ್ಟೋಸನ್ನು ಹುದುಗಿಸಲಾರದು, ಹಾಗಾಗಿ ಸಿಹಿ ಹಾಗೇ ಉಳಿಯುತ್ತದೆ. ಅದನ್ನು ಹಾಕುವುದೇ ಅದಕ್ಕೆ. ಸ್ವೀಟ್ ಸ್ಟೌಟ್, ಕ್ರೀಮ್ ಸ್ಟೌಟ್, ಪೇಸ್ಟ್ರಿ ಸ್ಟೌಟ್, ಮಿಲ್ಕ್‌ಶೇಕ್ ಐಪಿಎ, ಕಸ್ಟರ್ಡ್ ಅಥವಾ ಐಸ್‌ಕ್ರೀಮ್ ರುಚಿಯ ಸೋರ್, ಇವೆಲ್ಲ ಅದೇ ಗುಂಪು. ಕ್ರೀಮ್ ಏಲ್ ಎಂಬ ಶೈಲಿಯಲ್ಲಿ ಮಾತ್ರ ಕೆನೆಯೂ ಇಲ್ಲ, ಹಾಲೂ ಇಲ್ಲ. ಓಟ್‌ಮೀಲ್ ಸ್ಟೌಟ್‌ನ ನುಣುಪು ಓಟ್ಸ್‌ನದು. ಆಯ್ಸ್ಟರ್ ಸ್ಟೌಟ್‌ನಲ್ಲಿ ಕೆಲವರು ನಿಜವಾದ ಸಿಂಪಿಯನ್ನೇ ಹಾಕುತ್ತಾರೆ. ಹನಿ ಬಿಯರ್, ಬ್ರ್ಯಾಗಟ್, ಸೇಬು-ಜೇನು ಸೇರಿದ ಸೈಸರ್, ಮೀಡ್, ಎಲ್ಲದರಲ್ಲೂ ಜೇನು ಖಚಿತ. ಆದರೆ ‘ಹನಿ ಮಾಲ್ಟ್’ ಎಂಬುದು ಜೇನಿನ ಪರಿಮಳ ಕೊಡುವ ಬಾರ್ಲಿ ಮಾಲ್ಟ್, ಅದರಲ್ಲಿ ಜೇನಿಲ್ಲ.

ಹುಳಿ ಬಿಯರ್‌ಗಳ ವಿಷಯದಲ್ಲಿ ಗೊಂದಲ ಬೇಡ. ಲ್ಯಾಕ್ಟಿಕ್ ಆಮ್ಲ (ಲೇಬಲ್ ಮೇಲಿನ ಸಂಕೇತ ಇ270) ಲ್ಯಾಕ್ಟೋಸ್ ಅಲ್ಲ. ಲ್ಯಾಕ್ಟೋಬ್ಯಾಸಿಲಸ್ ಒಂದು ಬ್ಯಾಕ್ಟೀರಿಯಾ. ಮಾಲ್ಟಿನ ಸಕ್ಕರೆಯನ್ನು ತಿಂದೇ ಅದು ಹುಳಿ ಮಾಡುತ್ತದೆ. ಕೆಲವು ಚಿಕ್ಕ ತಯಾರಕರು ಮೊಸರು ಹಾಕಿ ಹುಳಿ ಹಿಡಿಸುವುದುಂಟು, ಅನುಮಾನ ಬಂದರೆ ಕೇಳಿ.

ಮಬ್ಬಾಗಿ ಕಾಣುವುದೆಲ್ಲ ವೀಗನ್ ಎಂಬ ನಂಬಿಕೆಯೂ ಅರ್ಧ ಸತ್ಯ. ತಿಳಿಗೊಳಿಸದ ಬಿಯರ್‌ನಲ್ಲಿ ಮೀನು ಇರುವುದಿಲ್ಲ, ಸರಿ; ಲ್ಯಾಕ್ಟೋಸ್ ಇರಬಹುದು. ಸ್ಫಟಿಕದಂತೆ ಹೊಳೆಯುವ ಲಾಗರ್ ಬರೀ ಫಿಲ್ಟರ್‌ನಿಂದ ಹಾಗಾಗಿರಬಹುದು. ಕಣ್ಣಿಂದ ಇದನ್ನು ತೀರ್ಮಾನಿಸಲಾಗದು.

ಪೀಪಾಯಿ, ಕೆಗ್, ಬಾಟಲಿ

ಗಿನ್ನೆಸ್ ಒಳ್ಳೆಯ ಉದಾಹರಣೆ. ದಶಕಗಳ ಕಾಲ ಐಸಿಂಗ್ಲಾಸ್ ಬಳಸಿದ ಆ ಕಂಪನಿ 2015ರಲ್ಲಿ ಅದನ್ನು ಬಿಡುವುದಾಗಿ ಘೋಷಿಸಿ ಹೊಸ ಫಿಲ್ಟರ್ ವ್ಯವಸ್ಥೆಗೆ ಬದಲಾಯಿತು. ಬದಲಾವಣೆ ಒಂದೇ ದಿನ ಆಗಲಿಲ್ಲ. ಮೊದಲು ಕೆಗ್ (ಅನಿಲದ ಒತ್ತಡದಿಂದ ಬಿಯರ್ ಸುರಿಯುವ ಲೋಹದ ಡಬ್ಬ), ಆಮೇಲೆ ಬಾಟಲಿ ಮತ್ತು ಕ್ಯಾನ್. ನಡುವಿನ ಆ ಅವಧಿಯಲ್ಲಿ ‘ಗಿನ್ನೆಸ್ ವೀಗನ್ನೇ?’ ಎಂಬುದಕ್ಕೆ ಒಂದೇ ಉತ್ತರ ಇರಲಿಲ್ಲ. ಇಂಥ ಹಳೆಯ ಉತ್ತರಗಳು ಅಂತರ್ಜಾಲದಲ್ಲಿ ವರ್ಷಗಟ್ಟಲೆ ಓಡಾಡುತ್ತಿರುತ್ತವೆ.

ಅಂದಾಜಿಗೆ ಒಂದು ಕ್ರಮ ಹೇಳಬಹುದು. ಕೈಪಂಪಿನಿಂದ ಸುರಿಯುವ ಪೀಪಾಯಿ ಏಲ್‌ನಲ್ಲಿ ಐಸಿಂಗ್ಲಾಸ್ ಸಾಧ್ಯತೆ ಅತಿ ಹೆಚ್ಚು, ‘ತಿಳಿಗೊಳಿಸಿಲ್ಲ’ ಎಂದು ಬರೆದಿದ್ದರೆ ಮಾತ್ರ ಬೇರೆ ಮಾತು. ಕೆಗ್, ಕ್ಯಾನ್, ಬಾಟಲಿಗಳಲ್ಲಿ ಫಿಲ್ಟರ್ ಸಾಮಾನ್ಯ, ಹಾಗಾಗಿ ಸಾಧ್ಯತೆ ಕಡಿಮೆ. 1516ರ ಶುದ್ಧತೆಯ ನಿಯಮದ ಪರಂಪರೆಯಲ್ಲಿ ತಯಾರಾದ ಜರ್ಮನ್ ಬಿಯರ್‌ಗಳು ಬಹುತೇಕ ವೀಗನ್. ಆದರೆ ಅದೇ ಹೆಸರಿನ ಬಿಯರ್ ಪರವಾನಗಿ ಪಡೆದು ಬೇರೆ ದೇಶದಲ್ಲಿ ತಯಾರಾಗಿದ್ದರೆ ವಿಧಾನ ಬೇರೆ ಇರಬಹುದು. ಹಿಂಭಾಗದ ಸಣ್ಣಕ್ಷರದಲ್ಲಿ ತಯಾರಾದ ಊರು ಓದಿ.

ಸೈಡರ್‌ನಲ್ಲಿ ನೋಡಬೇಕಾದ್ದು

ಸೇಬಿನಲ್ಲಿ ಪೆಕ್ಟಿನ್ (ಜೆಲ್ಲಿ ಕಟ್ಟಿಸುವ ಅಂಶ) ಮತ್ತು ಟ್ಯಾನಿನ್ (ಒಗರಿನ ಅಂಶ) ಇರುವುದರಿಂದ ಮಬ್ಬು ಸುಲಭವಾಗಿ ಹೋಗುವುದಿಲ್ಲ. ಜೆಲಟಿನ್ ಟ್ಯಾನಿನ್‌ಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ, ಅದಕ್ಕೇ ಅದರ ಬಳಕೆ. ವೀಗನ್ ತಯಾರಕರು ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ (ಶಿಲೀಂಧ್ರದ್ದು), ಬೆಂಟೋನೈಟ್, ಫಿಲ್ಟರ್ ಬಳಸುತ್ತಾರೆ. ಕೆಂಪು-ಗುಲಾಬಿ ಹಣ್ಣಿನ ಸೈಡರ್‌ಗಳಲ್ಲಿ ಇನ್ನೊಂದು ಅಪಾಯ ಬಣ್ಣದ್ದು. ಇ120 ಅಂದರೆ ಕಾರ್ಮೈನ್, ಕಾಕಿನೀಲ್ ಕೀಟದ್ದು. ಇ162 ಬೀಟ್‌ರೂಟ್, ಇ163 ಹಣ್ಣು-ತರಕಾರಿಯ ಆಂಥೋಸಯಾನಿನ್, ಇ150 ಕ್ಯಾರಮೆಲ್. ಇವು ಮೂರೂ ಪ್ರಾಣಿಯದ್ದಲ್ಲ. ‘ಬಣ್ಣ ಸೇರಿಸಿದೆ’ ಎಂದಷ್ಟೇ ಇದ್ದರೆ ಯಾವುದು ಎಂದು ಕೇಳಿ.

ದತ್ತಾಂಶ ನೋಡುವ ರೀತಿ

ಬಾರ್ನಿವೋರ್ ಎಂಬ ಜಾಲತಾಣದಲ್ಲಿ ಬಿಯರ್, ಸೈಡರ್, ವೈನ್, ಮದ್ಯಗಳ ದೊಡ್ಡ ಪಟ್ಟಿ ಇದೆ. ಬಳಕೆದಾರರು ಕಂಪನಿಗೆ ಬರೆದು ಪಡೆದ ಉತ್ತರಗಳೇ ಅದರ ಆಧಾರ. ವೀಗನ್ ಎಂಬ ಹಸಿರು ಗುರುತು ಕಂಡ ಕೂಡಲೇ ಮುಚ್ಚಬೇಡಿ. ನಮೂದನ್ನು ತೆರೆದು ಮೂರು ಸಂಗತಿ ನೋಡಿ: ಉತ್ತರ ಬಂದ ದಿನಾಂಕ, ಉತ್ತರ ಬಂದ ದೇಶ, ಯಾವ ರೂಪದ ಪಾನೀಯದ ಬಗ್ಗೆ ಹೇಳಿದ್ದಾರೆ ಎಂಬುದು. ಎರಡು ವರ್ಷಕ್ಕಿಂತ ಹಳೆಯ ಉತ್ತರವನ್ನು ಸುಳಿವು ಎಂದಷ್ಟೇ ಪರಿಗಣಿಸಿ ಹೊಸದಾಗಿ ಕೇಳುವುದು ಮೇಲು.

ತಯಾರಕರಿಗೆ ಬರೆಯುವಾಗ

‘ನಿಮ್ಮ ಬಿಯರ್ ವೀಗನ್ನೇ?’ ಎಂದು ಕೇಳಿದರೆ ‘ನಮ್ಮಲ್ಲಿ ಪ್ರಾಣಿಮೂಲದ ಪದಾರ್ಥಗಳಿಲ್ಲ’ ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ತಿಳಿಕಾರಕವನ್ನು ಪದಾರ್ಥ ಎಂದು ಎಣಿಸಿಲ್ಲ ಅಷ್ಟೆ. ಹೀಗೆ ಬರೆಯಿರಿ:

‘ನಮಸ್ಕಾರ. ನಿಮ್ಮ (ಹೆಸರು), 330 ಮಿಲಿ ಕ್ಯಾನ್, ಬ್ಯಾಚ್ ಸಂಖ್ಯೆ (ಇಷ್ಟು) ಕುರಿತು ಮೂರು ಪ್ರಶ್ನೆ. ಒಂದು, ಇದರಲ್ಲಿ ಲ್ಯಾಕ್ಟೋಸ್, ಜೇನು, ಕಾರ್ಮೈನ್ ಅಥವಾ ಬೇರೆ ಪ್ರಾಣಿಮೂಲ ಪದಾರ್ಥ ಇದೆಯೇ? ಎರಡು, ತಯಾರಿಕೆಯ ಯಾವುದೇ ಹಂತದಲ್ಲಿ, ಆಮೇಲೆ ತೆಗೆದುಹಾಕಿದ್ದರೂ ಸರಿ, ಐಸಿಂಗ್ಲಾಸ್, ಜೆಲಟಿನ್, ಕೇಸೀನ್, ಮೊಟ್ಟೆಯ ಬಿಳಿ, ಚಿಪ್ಪಿನ ಕೈಟೋಸಾನ್ ಬಳಸುತ್ತೀರಾ? ಮೂರು, ಕೆಗ್, ಪೀಪಾಯಿ, ಬಾಟಲಿಗಳಿಗೂ ಇದೇ ಉತ್ತರವೇ?’

‘ತೆಗೆದುಹಾಕಿದ್ದರೂ ಸರಿ’ ಎಂಬ ಮಾತನ್ನು ಬಿಡಬೇಡಿ. ಪತ್ರದ ಜೀವ ಇರುವುದು ಅದರಲ್ಲೇ. ‘ಸಸ್ಯಾಹಾರಿಗಳಿಗೆ ಸೂಕ್ತ’ ಎಂಬ ಉತ್ತರ ಬಂದರೆ ಎರಡನೇ ಪ್ರಶ್ನೆಯನ್ನು ಮತ್ತೆ ಕೇಳಿ. ಸ್ಪಷ್ಟ ಉತ್ತರ ಸಿಕ್ಕಿದರೆ ದಿನಾಂಕ ಸಮೇತ ಬಾರ್ನಿವೋರ್‌ಗೆ ಸೇರಿಸಿ, ಮುಂದಿನವರಿಗೆ ಆ ಶ್ರಮ ಉಳಿಯುತ್ತದೆ.

ಪಬ್‌ನಲ್ಲಿ ಬಡಿಸುವವರಿಗೆ ತಿಳಿಕಾರಕದ ವಿಷಯ ಗೊತ್ತಿರಬೇಕೆಂದಿಲ್ಲ. ‘ಇದು ಪೀಪಾಯಿಯದೋ ಕೆಗ್‌ನದೋ? ಬ್ರೂವರಿ ಯಾವುದು?’ ಎಂದು ಕೇಳಿ, ಉಳಿದದ್ದನ್ನು ಫೋನಿನಲ್ಲಿ ನೋಡಿ. ಖಚಿತವಾಗದಿದ್ದರೆ ವೀಗನ್ ಗುರುತಿರುವ ಬಾಟಲಿ ತೆಗೆದುಕೊಳ್ಳುವುದು ಕ್ಷೇಮ.

ಎರಡು ಸಂಗತಿಗಳಲ್ಲಿ ಗೆರೆ ಎಲ್ಲಿ ಎಳೆಯಬೇಕೆಂದು ಅವರವರೇ ನಿರ್ಧರಿಸಬೇಕು. ಕೆಲವು ಕಡೆ ಕಬ್ಬಿನ ಸಕ್ಕರೆಯನ್ನು ಮೂಳೆ ಇದ್ದಿಲಿನಿಂದ ಬಿಳಿ ಮಾಡುತ್ತಾರೆ; ಬೀಟ್ ಸಕ್ಕರೆಗೆ ಅದನ್ನು ಬಳಸುವುದಿಲ್ಲ. ಗಾಜಿನ ಬಾಟಲಿಗೆ ಕಾಗದದ ಲೇಬಲ್ ಅಂಟಿಸಲು ಕೇಸೀನ್ ಅಂಟು ಬಳಸುವುದೂ ಉಂಟು, ಮಂಜಿನ ನೀರಿನಲ್ಲೂ ಅದು ಬಿಡುವುದಿಲ್ಲ. ಕ್ಯಾನ್ ಮೇಲೆ ನೇರವಾಗಿ ಅಚ್ಚು ಹಾಕಿದ್ದರೆ ಈ ಪ್ರಶ್ನೆ ಏಳದು.

ಮನೆಯಲ್ಲಿ ತಯಾರಿಸುವವರಿಗೆ

ಕಿಟ್ ಜೊತೆ ಬರುವ ‘ಫೈನಿಂಗ್ಸ್’ (ತಿಳಿಕಾರಕ) ಪೊಟ್ಟಣದಲ್ಲಿ ಏನಿದೆ ಎಂದು ಬರೆದಿಲ್ಲದಿದ್ದರೆ ಅದನ್ನು ಪಕ್ಕಕ್ಕಿಡಿ, ಜೆಲಟಿನ್ ಅಥವಾ ಐಸಿಂಗ್ಲಾಸ್ ಇರುವ ಸಾಧ್ಯತೆ ಹೆಚ್ಚು. 20 ಲೀಟರ್ ಬಿಯರ್‌ಗೆ ಒಂದು ಟೀ ಚಮಚ ಐರಿಷ್ ಮಾಸ್ ನೀರಿನಲ್ಲಿ ನೆನೆಸಿ, ಕುದಿ ಮುಗಿಯಲು 15 ನಿಮಿಷ ಇರುವಾಗ ಹಾಕಿ. ಹುದುಗುವಿಕೆ ಮುಗಿದ ಮೇಲೆ 0ರಿಂದ 2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನವಾದರೂ ಅಲುಗಾಡಿಸದೆ ಇಡಿ, ಆಮೇಲೆ ಗಸಿ ಕದಡದಂತೆ ಮೇಲಿನಿಂದ ತೆಗೆಯಿರಿ.

ಸೈಡರ್‌ಗೆ ಪೆಕ್ಟಿನೇಸನ್ನು ಯೀಸ್ಟ್‌ಗಿಂತ ಮೊದಲೇ ರಸಕ್ಕೆ ಹಾಕಬೇಕು. ಆಲ್ಕೋಹಾಲ್ ಬಂದ ಮೇಲೆ ಅದು ನಿಧಾನವಾಗುತ್ತದೆ. ರಸವನ್ನು ಕುದಿಸಬೇಡಿ, ಕುದಿಸಿದರೆ ಪೆಕ್ಟಿನ್ ಮಬ್ಬು ಗಟ್ಟಿಯಾಗಿ ಕೂರುತ್ತದೆ. ಮಬ್ಬು ಪೆಕ್ಟಿನ್‌ನದೇ ಎಂದು ತಿಳಿಯಲು ಒಂದು ಚಮಚ ಸೈಡರ್‌ಗೆ ನಾಲ್ಕು ಚಮಚ ಸ್ಪಿರಿಟ್ (ತೀವ್ರ ಆಲ್ಕೋಹಾಲ್) ಬೆರೆಸಿ ಸ್ವಲ್ಪ ಹೊತ್ತು ಬಿಡಿ. ಜೆಲ್ಲಿಯಂಥ ಎಳೆಗಳು ಕಂಡರೆ ಪೆಕ್ಟಿನ್; ಆ ಮಿಶ್ರಣ ಕುಡಿಯಲು ಅಲ್ಲ, ಚೆಲ್ಲಿಬಿಡಿ. ಎಳೆ ಕಾಣದಿದ್ದರೆ ಬೆಂಟೋನೈಟ್ ಹಾಕಿ ನೋಡಿ, 20 ಲೀಟರ್‌ಗೆ 10ರಿಂದ 20 ಗ್ರಾಂ. ಪುಡಿಯನ್ನು ನೇರವಾಗಿ ಸುರಿದರೆ ಗಂಟಾಗಿ ಕೆಲಸ ಮಾಡದೆ ತಳ ಸೇರುತ್ತದೆ. ಹಿಂದಿನ ದಿನವೇ ಬಿಸಿನೀರಿಗೆ ಸ್ವಲ್ಪ ಸ್ವಲ್ಪವಾಗಿ ಉದುರಿಸಿ ಕಲಕಿ, 24 ಗಂಟೆ ನೆನೆಯಲು ಬಿಟ್ಟು, ನುಣ್ಣನೆಯ ಗಂಜಿಯಂತಾದ ಮೇಲೆ ಸೈಡರ್‌ಗೆ ಬೆರೆಸಿ. ಒಂದು ವಾರದಿಂದ ಹತ್ತು ದಿನ ಬಿಟ್ಟು ತಿಳಿಯನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಿ.