ಪದ್ಮಿನಿಯನ್ನು ಓಡಿಸ್ತಾ ಓಡಿಸ್ತಾನೇ ಮಾರಿದ್ದು

2024ರ ದಸರಾ ಮುಗಿದು ಎರಡು ವಾರಕ್ಕೆ ಜನ ಫಿಯೆಟ್ ಅಂತಲೇ ಕರೆಯುವ ನನ್ನ 1987ರ ಪ್ರೀಮಿಯರ್ ಪದ್ಮಿನಿ ಕಾರು 2 ಲಕ್ಷ 65 ಸಾವಿರಕ್ಕೆ ಹೋಯಿತು. ಅದೇ ಕಾರಿಗೆ ಅದೇ ವರ್ಷ ಹಳೇ ಗಾಡಿ ಮಾರಿಸಿಕೊಡುವ ಆಟೋ ಕನ್ಸಲ್ಟಿಂಗ್‌ನವರು ಕಟ್ಟಿದ್ದ ಬೆಲೆ 70 ಸಾವಿರ. ನನ್ನ ಮೆಕ್ಯಾನಿಕ್ ಭಾಯ್, ನಮ್ಮ ಭಾವ, ಆಫೀಸಿನವರು, ಎಲ್ಲರೂ ಒಂದೇ ಮಾತು ಹೇಳಿದ್ದರು: ಮಾಡಿಫೈ ಮಾಡಿದ ಹಳೇ ಫಿಯೆಟ್‌ಗೆ ಗಿರಾಕಿ ಇಲ್ಲ. ಗಿರಾಕಿ ಇದ್ದಾರೆ. ಅವರಿಗೆ ತೋರಿಸುವ ರೀತಿ ಬೇರೆ, ಅಷ್ಟೇ. ಅದಕ್ಕೇ ಇದನ್ನು ಬರೀತಿದ್ದೇನೆ.

ಗಾಡಿ ತಗೊಂಡಿದ್ದು 2018ರಲ್ಲಿ, ಕೊಳ್ಳೇಗಾಲದ ಕಡೆಯಿಂದ, 85 ಸಾವಿರಕ್ಕೆ. ಕೆಎ ಅನ್ನೋ ಅಕ್ಷರ ಬರುವ ಮುಂಚಿನ ನಂಬರ್. ನನ್ನ ಮನೆ ಮೈಸೂರಿನ ಸರಸ್ವತಿಪುರಂ, ಕೆಲಸ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ. ದಿನಕ್ಕೆ ಹೋಗಿ ಬರೋದು 45 ಕಿಲೋಮೀಟರ್ ಚಿಲ್ಲರೆ. ಹಾಗಾಗಿ ನಾನು ಮಾಡಿಸಿದ್ದೆಲ್ಲ ಷೋಗಲ್ಲ, ಬೆಳಿಗ್ಗೆ ಎಂಟೂವರೆಗೆ ಪಂಚ್ ಮಾಡೋದಕ್ಕೆ. ಮುಂದಕ್ಕೆ ಡಿಸ್ಕ್ ಬ್ರೇಕ್. ಸ್ಟೀರಿಂಗ್ ಪಕ್ಕದ ಗೇರ್ ತೆಗೆದು ಫ್ಲೋರ್ ಗೇರ್. ಪ್ಲಗ್‌ಗೆ ಕಿಡಿ ಕೊಡಿಸುವ ಹಳೇ ಪ್ಲಾಟಿನಂ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ಎಲೆಕ್ಟ್ರಿಕ್ ಫ್ಯಾನ್, ಹೆಡ್‌ಲೈಟ್‌ಗೆ ರಿಲೇ, ಬಕೆಟ್ ಸೀಟು, ಬಾಟಲ್ ಗ್ರೀನ್ ಬಣ್ಣ. ಡಿಸ್ಕನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಯಾವ ಕಾರಿನದು ಅಂತ ಮಾತ್ರ ಇಲ್ಲಿ ಬರೆಯಲ್ಲ. ಎರಡು ಸಲ ಚಕ್ರದ ಹಬ್ ಹಾಳು ಮಾಡಿ, ಲೇತ್‌ನವರ ಹತ್ತಿರ ಮೂರು ಭಾನುವಾರ ಕೂತು ಕಂಡುಕೊಂಡಿದ್ದು ಅದು.

ಇಂಜಿನ್ ಮಾತ್ರ ಅದರದ್ದೇ, 1089 ಸಿಸಿ. ಪ್ರೀಮಿಯರ್‌ನವರದೇ 118 ಎನ್‌ಇ ಕಾರಿನ ನಿಸ್ಸಾನ್ ಇಂಜಿನ್ ಕೂರಿಸಿ, ಹಾರುತ್ತೆ ಅಂತ ಹೇಳಿದವರು ಹತ್ತು ಜನ. ಹಾರುತ್ತೆ ಅನ್ನೋದು ಗೊತ್ತು. ಆದರೆ ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಬೇರೆ, ಬಾನೆಟ್ ಕೆಳಗಿನ ನಂಬರ್ ಬೇರೆ ಆದರೆ ಆ ಕಾರನ್ನು ಮುಂದೆ ಯಾರಿಗೆ ಮಾರೋದು? ಅದಕ್ಕೇ ಇದ್ದ ಇಂಜಿನ್ನಿನ ಸಿಲಿಂಡರನ್ನೇ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ. ಬಣ್ಣ ಬದಲಾಯಿಸಿದ್ದನ್ನೂ ಆರ್‌ಸಿಯಲ್ಲಿ ಬರೆಸಿದೆ. ಆಗ ಅದು ಸುಮ್ನೆ ಓಡಾಟ ಅನ್ನಿಸಿತ್ತು. ಮಾರುವಾಗ ಈ ಎರಡೇ ನನ್ನ ಕೈ ಹಿಡಿದವು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಟಿಂಕರಿಂಗ್, ಪೇಂಟ್ ಸೇರಿ 1 ಲಕ್ಷ 10 ಸಾವಿರ. ಇಂಜಿನ್‌ಗೆ 48 ಸಾವಿರ. ಬ್ರೇಕ್‌ಗೆ 27, ಹಾಳಾದ ಹಬ್‌ಗಳೂ ಸೇರಿ. ವೈರಿಂಗ್ 18. ಸೀಟು 16. ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರ ಅಂತ ಅಲೆದು ತಂದ ಚಿಲ್ಲರೆ ಸಾಮಾನು ಒಂದು 30. ಗಾಡಿ ದುಡ್ಡೂ ಸೇರಿದರೆ 3 ಲಕ್ಷ 30 ಸಾವಿರದ ಆಸುಪಾಸು.

ಮನೆಯಲ್ಲಿ ಇನ್ನೊಂದು ಕಾರು ಬಂತು, ನಿಲ್ಲಿಸಲು ಜಾಗ ಇಲ್ಲ. ಮಾರಲೇಬೇಕಾಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗಾಡಿ ತೊಳೆದು, ಪಾಲಿಷ್ ಹೊಡೆಸಿ, ಒಂದು ಆಟೋ ಕನ್ಸಲ್ಟಿಂಗ್‌ನಲ್ಲಿ ನಿಲ್ಲಿಸಿದೆ. ಮೂರು ತಿಂಗಳು ಅಲ್ಲೇ ಬಿಸಿಲಲ್ಲಿ ನಿಂತಿತು. ಒಂದು ಸಲ ಸ್ಟಾರ್ಟ್ ಮಾಡಿದವರಿಲ್ಲ. ವಾಪಸ್ ತರಲು ಹೋದಾಗ ಬ್ಯಾಟರಿ ಸತ್ತಿತ್ತು, ಹಿಂದಿನ ಬ್ರೇಕಿನ ವೀಲ್ ಸಿಲಿಂಡರ್ ಜಾಮ್, ಫ್ಯಾನ್ ವೈರ್ ಇಲಿ ತಿಂದಿತ್ತು. ರಿಪೇರಿಗೆ 11 ಸಾವಿರ. ಅವರು ತಂದ ಒಂದೇ ಆಫರ್ ಆ 70 ಸಾವಿರ.

ಇಲಿ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಹುಣಸೂರಿನ ನೆಂಟರ ಮನೆಯಿಂದ ಹೊಗೆಸೊಪ್ಪು ತಂದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಬ್ಯಾಟರಿ ಪಕ್ಕ ಒಂದು, ಹೀಟಿನಿಂದ ದೂರ ಫೈರ್‌ವಾಲ್ (ಇಂಜಿನ್‌ಗೂ ಒಳಗೆ ಕೂರುವ ಜಾಗಕ್ಕೂ ನಡುವಿನ ತಗಡು) ಹತ್ತಿರ ಒಂದು ಇಟ್ಟೆ. ಹದಿನೈದು ದಿನ ಇಲಿ ಸುಳಿಯಲಿಲ್ಲ. ಘಾಟು ಹೋದ ಮೇಲೆ ಮತ್ತೆ ಬಂತು. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು. ಬೇವಿನ ಸೊಪ್ಪಿನಿಂದ ಏನೂ ಆಗಲಿಲ್ಲ.

ಎರಡನೇ ಪ್ರಯತ್ನ ಫೋಟೋ. ಲಲಿತಮಹಲ್ ರಸ್ತೆಯಲ್ಲಿ ಬೆಳಗಿನ ಬೆಳಕಲ್ಲಿ ತೆಗೆಸಿದೆ, ತುಂಬಾ ಚೆನ್ನಾಗಿ ಬಂದವು. ಐವತ್ತು, ಅರವತ್ತು ಫೋನ್ ಬಂದವು. ಮುಕ್ಕಾಲು ಪಾಲು ಜನ ಕೇಳಿದ್ದು ಒಂದೇ: 'ಪ್ರೀ ವೆಡ್ಡಿಂಗ್ ಶೂಟ್‌ಗೆ ಬಾಡಿಗೆಗೆ ಕೊಡ್ತೀರಾ ಸಾರ್?' ಎರಡು ಸಲ ಕೊಟ್ಟೆ, ಒಂದಕ್ಕೆ 3,500. ಎರಡನೇ ಸಲ ಬಾನೆಟ್ ಮೇಲೆ ಹುಡುಗಿಯನ್ನು ಕೂರಿಸಿ ಡೆಂಟ್ ಮಾಡಿದರು. ಅಲ್ಲಿಗೆ ನಿಲ್ಲಿಸಿದೆ.

ಆಮೇಲೆ ಬೆಂಗಳೂರಿನಿಂದ ಒಬ್ಬರು ಬಂದರು. ಹಳೇ ಕಾರು ಬಲ್ಲವರು. ಬಾನೆಟ್ ಎತ್ತಿದರು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿದರು, ಒಳಗೆ ಫ್ಲೋರ್ ಗೇರ್ ನೋಡಿದರು. 'ಒರಿಜಿನಲ್ ಇದ್ದಿದ್ರೆ ಈಗಲೇ ತಗೊಂಡು ಹೋಗ್ತಿದ್ದೆ' ಅಂತ ಹೇಳಿ ಕಾಫಿ ಕುಡಿದು ಹೊರಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲ ತೆಗೆದು ಒರಿಜಿನಲ್ ಮಾಡಿಸೋಣ ಅಂತ ಲೆಕ್ಕ ಹಾಕಿಸಿದರೆ 85 ಸಾವಿರ. ಸೀಟು ಬಿಚ್ಚಿಯೂ ಆಗಿತ್ತು. ಇನ್ನೂ ಕಾದು ವಿಂಟೇಜ್ ನಂಬರ್ ಮಾಡಿಸಿ ಅಂತಲೂ ಒಬ್ಬರು ಹೇಳಿದರು. 2021ರ ನಿಯಮ ಓದಿದವರಿಗೆ ಗೊತ್ತು, ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಆ ನಂಬರ್ ಸಿಕ್ಕ ಮೇಲೆ ದಿನಾ ಓಡಿಸುವ ಹಾಗೂ ಇಲ್ಲ. ನನ್ನ ಗಾಡಿಗೆ ಆ ಮೂರೂ ಒಗ್ಗಲ್ಲ.

ಮಧ್ಯೆ ಇನ್ನೊಬ್ಬರು 5 ಸಾವಿರ ಟೋಕನ್ ಕೊಟ್ಟು ಎರಡು ವಾರ ಆಡಿಸಿದರು. ಕೊನೆಗೆ 40 ಸಾವಿರ ಇಳಿಸಿ ಅಂದರು. ಟೋಕನ್ ವಾಪಸ್ ಕೊಟ್ಟು ಕಳಿಸಿದೆ.

ದಾರಿ ಸಿಕ್ಕಿದ್ದು ನಂಜನಗೂಡು ರಸ್ತೆಯ ಪೆಟ್ರೋಲ್ ಬಂಕ್‌ನಲ್ಲಿ. ಬಿಚ್ಚಿದ ಸೀಟನ್ನು ಮತ್ತೆ ಕೂರಿಸಿ ಕೆಲಸಕ್ಕೆ ಹೊರಟಿದ್ದೆ. ಪಕ್ಕದಲ್ಲಿ ನಿಂತಿದ್ದವರು ಗಾಡಿ ಸುತ್ತ ಒಂದು ರೌಂಡ್ ಹಾಕಿ ಕೇಳಿದರು, 'ದಿನಾ ಇದರಲ್ಲೇ ಹೋಗ್ತೀರಾ ಸಾರ್?' ಅದೇ ವಾರದಲ್ಲಿ ಇದೇ ಪ್ರಶ್ನೆ ಮೂರನೇ ಸಲ. ಕೇಳುವಾಗ ಅವರ ಮುಖದಲ್ಲಿ ಇದ್ದ ಆಸೆ ನೋಡಬೇಕಿತ್ತು. ಈ ಮೂವರಿಗೂ ಒರಿಜಿನಲ್ ಬೇಕಿಲ್ಲ. ಹಳೇ ಕಾರು ಬೇಕು, ದಾರಿಯಲ್ಲಿ ಕೈ ಕೊಡಬಾರದು. ನನ್ನ ಹತ್ತಿರ ಇದ್ದಿದ್ದೇ ಅದು. ಅದನ್ನು ಬಿಟ್ಟು ನಾನು ಪಾಲಿಷ್ ಮಾರಲು ಹೊರಟಿದ್ದೆ.

ಅವತ್ತಿನಿಂದ ತೊಳೆಯೋದು ಬಿಟ್ಟೆ, ಓಡಿಸೋದು ಬಿಡಲಿಲ್ಲ. ಮಾರೋಕಿಟ್ಟ ಗಾಡಿಗೆ ಕಿಲೋಮೀಟರ್ ಜಾಸ್ತಿ ಮಾಡಬೇಡಿ ಸಾಬ್ ಅಂತ ಭಾಯ್ ಬೈದರು. ನಾನು ಕೇಳಲಿಲ್ಲ.

2019ರಿಂದ ಡ್ಯಾಷ್‌ಬೋರ್ಡ್‌ನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೆ. ಪೆಟ್ರೋಲ್ ಹಾಕಿಸಿದ ದಿನ, ಲೀಟರ್, ಕಿಲೋಮೀಟರ್, ಏನು ಕೆಟ್ಟಿತು, ಎಷ್ಟು ಕೊಟ್ಟೆ. ಎರಡನೇ ಪುಸ್ತಕ ಅರ್ಧ ಆಗಿತ್ತು. ಆರು ವರ್ಷಕ್ಕೆ ಹತ್ತಿರ ಹತ್ತಿರ 70 ಸಾವಿರ ಕಿಲೋಮೀಟರ್. ದಾರಿಯಲ್ಲಿ ನಿಂತಿದ್ದು ಏಳು ಸಲ, ಅದರಲ್ಲಿ ಐದು ಮೊದಲ ವರ್ಷದ್ದೇ. ಆ ಐದೂ ಬೇಸಿಗೆಯ ವೇಪರ್ ಲಾಕ್, ಅಂದರೆ ಬಿಸಿಗೆ ಪೈಪ್‌ನಲ್ಲೇ ಪೆಟ್ರೋಲ್ ಆವಿಯಾಗಿ ಇಂಜಿನ್‌ಗೆ ಹೋಗದೆ ನಿಲ್ಲೋದು. ಪೈಪ್‌ಗೆ ಮರದ ಬಟ್ಟೆ ಕ್ಲಿಪ್ ಸಾಲಾಗಿ ಹಾಕಿ ನೋಡಿದೆ, ಪಂಪ್‌ಗೆ ಒದ್ದೆ ಬನಿಯನ್ ಸುತ್ತಿ ನೋಡಿದೆ. ಬನಿಯನ್ ಹತ್ತು ನಿಮಿಷಕ್ಕೆ ಕೆಲಸ ಮಾಡುತ್ತೆ, ಕ್ಲಿಪ್‌ನಿಂದ ನನಗೇನೂ ಗೊತ್ತಾಗಲಿಲ್ಲ. ಟ್ಯಾಂಕ್ ಹತ್ತಿರ ಎಲೆಕ್ಟ್ರಿಕ್ ಪಂಪ್ ಇಟ್ಟ ಮೇಲೆ ಆ ಕಾಟ ಹೋಯಿತು. ಕಬ್ಬಿನಿಂದಲೂ ಮಾಡುವ ಎಥನಾಲ್ ಜಾಸ್ತಿ ಬೆರೆಸಿದ ಪೆಟ್ರೋಲ್ ಬಂದಾಗ ರಬ್ಬರ್ ಪೈಪ್ ಮೆತ್ತಗಾಗಿ ಊದಿಕೊಂಡವು, ಎಲ್ಲ ಬದಲಾಯಿಸಿದೆ. ಲೀಟರ್‌ಗೆ 13ರ ಹತ್ತಿರ ಇದ್ದದ್ದು 12ಕ್ಕೆ ಬಂತು, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಬದಲಾಯಿಸಿ ಸ್ವಲ್ಪ ಮೇಲಕ್ಕೆ ತಂದೆ. ಜೆಟ್ ನಂಬರ್ ಗಾಡಿ ತಗೊಂಡವರಿಗೆ ಕೊಟ್ಟಿದ್ದೇನೆ, ಅದು ಅವರ ಸ್ವತ್ತು.

ಹೊಸ ಜಾಹೀರಾತಿನಲ್ಲಿ ಮೊದಲ ಸಾಲೇ ಗಾಡಿಯ ಐಬು. ಎಡಗಡೆ ಹಿಂದಿನ ಫ್ಲೋರ್‌ನಲ್ಲಿ ತುಕ್ಕು, ಪ್ಯಾಚ್ ಹೊಡೆದಿದೆ. ಸೆಕೆಂಡ್ ಗೇರ್‌ಗೆ ಅವಸರ ಮಾಡಿದರೆ ಕಿರಿಚುತ್ತೆ. ಮಳೆಯಲ್ಲಿ ಡ್ರೈವರ್ ಬಾಗಿಲ ಕೆಳಗೆ ನೀರು ಬರುತ್ತೆ. ಹೀಗೆ ಎಂಟು. ಫೋಟೋ ಹತ್ತು, ನಾಲ್ಕು ಗಾಡಿ ಕೆಳಗಿನಿಂದ ತೆಗೆದದ್ದು, ಒಂದು ನೋಟ್‌ಬುಕ್ ಪುಟದ್ದು. ಕೊನೆಗೆ ಒಂದು ಷರತ್ತು: ನೋಡಲು ಬರುವವರು ಕೆಲಸದ ದಿನ ಬೆಳಿಗ್ಗೆ ಆರೂವರೆಗೆ ಬರಬೇಕು, ಇಂಜಿನ್ ತಣ್ಣಗಿರುವಾಗ.

ಫೋನ್ ಒಂಬತ್ತೇ ಬಂದವು. ನಾಲ್ಕು ಜನ ಬಂದರು. ಇಬ್ಬರು ನಿಜವಾಗಿ ತಗೊಳ್ಳುವವರು.

ತಗೊಂಡಿದ್ದು ಮಂಡ್ಯದ ಒಬ್ಬರು ಮೇಡಂ, ಕಾಲೇಜಿನಲ್ಲಿ ಪಾಠ ಮಾಡುವವರು. ಅವರ ತಂದೆಗೆ ಫಿಯೆಟ್ ಇತ್ತಂತೆ. ಜೊತೆಗೆ ಬಂದ ಚಿಕ್ಕಪ್ಪ ಮೊದಲು ಲಾರಿ ಇಟ್ಟಿದ್ದವರು, ಈಗ ಕಬ್ಬು ಬೆಳೀತಾರೆ. ಐಬಿನ ಪಟ್ಟಿ ಕೈಗೆ ಕೊಟ್ಟರೆ ಪೂರ್ತಿ ಓದಿ, 'ಮಾರಕ್ಕೆ ಕರ್ದಿದ್ದೀರೋ ಬ್ಯಾಡ ಅನ್ನಕ್ಕೆ ಕರ್ದಿದ್ದೀರೋ ಸಾರ್?' ಅಂದರು.

ಬಾನೆಟ್ ಮೇಲೆ ಅವರ ಕೈಯನ್ನೇ ಇಡಿಸಿದೆ, ತಣ್ಣಗಿದೆ ಅಂತ ಗೊತ್ತಾಗಲಿ ಅಂತ. ಚೋಕ್ ಪೂರ್ತಿ ಎಳೆದು, ಆಕ್ಸಲರೇಟರ್ ಒಂದು ಸಲ ಒತ್ತಿ ಬಿಟ್ಟು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿಕೊಂಡಿತು. ಅಲ್ಲಿಂದ ನೇರ ಚಾಮುಂಡಿ ಬೆಟ್ಟ. ಮೂವರನ್ನು ಹೊತ್ತು ಸೆಕೆಂಡ್, ಥರ್ಡ್‌ನಲ್ಲೇ ಹತ್ತಿತು. ಮೇಲೆ ಹೋಗಿ ಆಫ್ ಮಾಡದೆ ಹತ್ತು ನಿಮಿಷ ಹಾಗೇ ಬಿಟ್ಟೆ. ಮೀಟರ್ ಮುಳ್ಳು ಮೇಲೇರುತ್ತಾ ಹೋಯಿತು, ಚಿಕ್ಕಪ್ಪ ಕಣ್ಣು ತೆಗೆಯದೆ ನೋಡುತ್ತಿದ್ದರು. ಟಕ್ ಅಂತ ಫ್ಯಾನ್ ಹತ್ತಿಕೊಂಡಿತು, ಮುಳ್ಳು ನಿಧಾನಕ್ಕೆ ಇಳಿಯಿತು. ಆಮೇಲೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮೇಡಂ ಕೈಗೆ ಕೀ ಕೊಟ್ಟೆ. ಬಿಸಿ ಇಂಜಿನ್ ಸ್ಟಾರ್ಟ್ ಆಗೋದೇ ಹಳೇ ಫಿಯೆಟ್‌ನ ಪರೀಕ್ಷೆ, ಅಲ್ವಾ? ಅದೂ ಒಂದೇ ಸಲಕ್ಕೆ ಆಯಿತು. ಇಳಿಜಾರಿನಲ್ಲಿ ಅವರೇ ಓಡಿಸಿದರು. ಕೆಳಗೆ ಬಂದ ಮೇಲೆ ಚಿಕ್ಕಪ್ಪ ನಾಲ್ಕೂ ಚಕ್ರದ ಹತ್ತಿರ ಕೂತು ಕೈ ಹಿಡಿದು ನೋಡಿದರು. 'ಬಿಸಿ ಐತೆ, ಆದ್ರೆ ಎಡಕ್ಕೂ ಬಲಕ್ಕೂ ಒಂದೇ ತರ ಐತೆ. ಯಾವ್ದೂ ಹಿಡ್ಕಂಡಿಲ್ಲ' ಅಂದರು. ಪೈಪ್ ಬದಲಾಯಿಸಿದ ಪುಟ ಓದಿ, 'ನಮ್ ಕಬ್ಬೇ ನಿಮ್ ಪೈಪ್ ತಿಂದದೆ ಅನ್ನಿ' ಅಂತ ನಕ್ಕರು.

ಕೊನೆಗೆ ಮನೆಯ ಶೆಡ್‌ನಿಂದ ಎರಡು ಗೋಣಿಚೀಲ ತಂದಿಟ್ಟೆ. ತೆಗೆದ ಒಂದೊಂದು ಒರಿಜಿನಲ್ ಸಾಮಾನೂ ಅದರಲ್ಲಿತ್ತು. ಸ್ಟೀರಿಂಗ್ ಗೇರ್ ಲಿಂಕೇಜ್, ಮುಂದಿನ ಡ್ರಮ್, ಡಿಸ್ಟ್ರಿಬ್ಯೂಟರ್, ಎಲ್ಲಕ್ಕೂ ಗ್ರೀಸ್ ಹಚ್ಚಿ, ಪೇಪರ್ ಸುತ್ತಿ, ಹೆಸರು ಬರೆದು ಇಟ್ಟಿದ್ದೆ. ಇದನ್ನು ಬಿಡಿಯಾಗಿ ಮಾರಿದ್ದರೆ ಒಂದು 15 ಸಾವಿರ ಬರುತ್ತಿತ್ತೇನೋ. ಗಾಡಿ ಜೊತೆ ಕೊಟ್ಟಿದ್ದಕ್ಕೆ ಅದರ ಮೂರರಷ್ಟು ಬಂತು ಅಂತ ನನ್ನ ಲೆಕ್ಕ. ಮುಂದೆ ಬೇಕಾದರೆ ಒರಿಜಿನಲ್ ಮಾಡಿಕೊಳ್ಳಬಹುದು ಅನ್ನೋ ಧೈರ್ಯಕ್ಕೆ ಜನ ದುಡ್ಡು ಕೊಡುತ್ತಾರೆ.

ನಾನು 2 ಲಕ್ಷ 90 ಹೇಳಿದ್ದೆ, ಅವರು 2 ಲಕ್ಷ 40 ಅಂದರು. ಆರ್‌ಸಿ ತೋರಿಸಿದೆ. 2022ರ ಫೆಬ್ರವರಿಯಲ್ಲಿ 600 ರೂಪಾಯಿ ಫೀಸ್ ಕಟ್ಟಿ ರಿನ್ಯೂ ಮಾಡಿಸಿದ್ದೆ, 2027ರ ತನಕ ಚಾಲ್ತಿ. ಅದೇ ಏಪ್ರಿಲ್‌ನಿಂದ ಫೀಸ್ 5,000 ಆಯಿತು. ಈಗ 20 ವರ್ಷ ದಾಟಿದ ಕಾರಿಗೆ 10,000. ಕೊಳ್ಳುವವರು ಈ ವರ್ಷಗಳನ್ನು ಎಣಿಸುತ್ತಾರೆ, ಅವಧಿ ಮುಗಿಯುತ್ತಾ ಬಂದಿದ್ದರೆ ಮೊದಲು ರಿನ್ಯೂ ಮಾಡಿಸಿಯೇ ಮಾರಿ. 2 ಲಕ್ಷ 65ಕ್ಕೆ ಮಾತು ಮುಗಿಯಿತು. ಹಾಕಿದ್ದರಲ್ಲಿ ಕಳಕೊಂಡಿದ್ದು 65 ಸಾವಿರ, ಆರು ವರ್ಷಕ್ಕೆ. ಪೆಟ್ರೋಲ್, ಸರ್ವಿಸ್ ಬಿಟ್ಟರೆ ತಿಂಗಳಿಗೆ 900 ರೂಪಾಯಿ. ಹೊಸ ಕಾರು ತಗೊಂಡವರು ಯಾರಾದರೂ ಈ ಲೆಕ್ಕ ತೋರಿಸಲಿ.

ಕಾಗದದ ವಿಷಯದಲ್ಲಿ ನಾನು ಗಟ್ಟಿ. ಹಿಂದೆ ಒಂದು ಸ್ಕೂಟರನ್ನು ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟಿದ್ದೆ, ಎರಡು ವರ್ಷ ಆದ ಮೇಲೆ ಅದರ ನೋಟಿಸ್ ನನ್ನ ಮನೆ ಬಾಗಿಲಿಗೆ ಬಂತು. ಈ ಸಲ ಗಾಡಿಯನ್ನು ಕೊಂಡವರ ಹೆಸರಿಗೆ ಮಾಡುವ ಫಾರಂ 29, 30 ಎರಡನ್ನೂ ನಾನೇ ತುಂಬಿ, ಚಾಸಿಸ್ ನಂಬರ್ ಪೆನ್ಸಿಲ್ ಪ್ರಿಂಟ್ ನಾನೇ ತೆಗೆದು, 14 ದಿನದ ಗಡುವಿನೊಳಗೆ ಕೊಟ್ಟು ಬಂದೆ. ಇನ್ಶೂರೆನ್ಸ್ ಹೆಸರೂ ಅಷ್ಟರೊಳಗೆ ಬದಲಾಯಿತು. ಕೊನೆಯ 25 ಸಾವಿರ ಟ್ರಾನ್ಸ್‌ಫರ್ ಆದ ಮೇಲೆ ಕೊಡಿ ಅಂತ ನಾನೇ ಹೇಳಿದ್ದೆ. ಕೊಟ್ಟರು.

ಡಿಸೆಂಬರ್‌ನಲ್ಲಿ ಮೇಡಂ ಫೋನ್ ಮಾಡಿದ್ದರು. ಮಂಡ್ಯದ ಚಳಿಗೆ ಬೆಳಿಗ್ಗೆ ಎರಡನೇ ಸಲಕ್ಕೆ ಸ್ಟಾರ್ಟ್ ಆಗ್ತಿದೆ, ಏನು ಮಾಡಲಿ ಅಂತ. ಚೋಕ್ ಬೇಗ ಒಳಗೆ ತಳ್ಳಬೇಡಿ, ಒಂದು ನಿಮಿಷ ತಡೆಯಿರಿ ಅಂದೆ. ಸರಿ ಹೋಯಿತಂತೆ. ನೋಟ್‌ಬುಕ್‌ನಲ್ಲಿ ಅದನ್ನೂ ಬರೆದಿಟ್ಟಿದ್ದಾರಂತೆ.

ಶೆಡ್ ಗುಡಿಸುವಾಗ ಒಂದು ಜೊತೆ ಹೊರಗಿನ ಡೋರ್ ಹ್ಯಾಂಡಲ್, ಒಂದು ಹಳೇ ವೈಪರ್ ಮೋಟರ್ ಸಿಕ್ಕಿವೆ. ಮೋಟರ್ ತಿರುಗುತ್ತೆ, ನೋಡಿದ್ದೇನೆ. ಪದ್ಮಿನಿ ಓಡಿಸುವವರು ಯಾರಾದರೂ ಮೈಸೂರಿಗೆ ಬಂದಾಗ ತಗೊಂಡು ಹೋಗಲಿ, ದುಡ್ಡು ಬೇಡ.